ಹದವಾದ ಮನಸ್ಸಿನಲ್ಲಿ ಮಾತ್ರ ಮಾರ್ಪಾಡು

ಬೀಜ ಎಷ್ಟೇ ಉತ್ತಮವಾಗಿದ್ದರೂ ನೆಲ ಹದವಾಗಿರದಿದ್ದರೆ ಬೆಳೆ ಬಾರದು. ತಿರುಮಕೂಡಲು ನರಸೀಪುರ ತಾಲ್ಲೂಕಿನ ಹೆಮ್ಮಿಗೆಯ ರೈತನಿಗೆ ಈ ಮಾತನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಮನುಷ್ಯನ ಮನಸ್ಸಿನ ವಿಷಯಕ್ಕೆ ಬಂದಾಗ ನಾವು ಇದನ್ನು ಮರೆತುಬಿಡುತ್ತೇವೆ. ಮನೆಯ ಯಜಮಾನ ಕುಡಿತಕ್ಕೆ ದಾಸನಾದರೆ, ಮಗ ಸಿಟ್ಟಿನಿಂದ ಸಂಸಾರ ಕೆಡಿಸಿಕೊಂಡರೆ, ಅವನನ್ನು ಎಳೆದೊಯ್ದು ವೈದ್ಯರ ಮುಂದೆ ಕೂರಿಸಿ, "ಹೇಗಾದರೂ ಮಾಡಿ ಇವನನ್ನು ಸರಿಮಾಡಿಕೊಡಿ" ಎನ್ನುತ್ತೇವೆ.

ಶಸ್ತ್ರಚಿಕಿತ್ಸೆಯಲ್ಲಿ ರೋಗಿ ಪ್ರಜ್ಞೆಯಿಲ್ಲದೆ ಮಲಗಿದ್ದರೂ ವೈದ್ಯರು ತಮ್ಮ ಕೆಲಸ ಮುಗಿಸಬಲ್ಲರು. ಮನೋಚಿಕಿತ್ಸೆ ಹಾಗಲ್ಲ. ಅಲ್ಲಿ ದುಡಿಯಬೇಕಾದವನು ಬಂದವನೇ. ಆಪ್ತಸಲಹೆಗಾರರು ದಾರಿ ತೋರುವವರು ಮಾತ್ರ.

ಬದಲಾವಣೆಯ ಮೆಟ್ಟಿಲುಗಳು

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪ್ರೊಚಾಸ್ಕಾ ಮತ್ತು ಡಿಕ್ಲೆಮೆಂಟೆ ಅವರು ಧೂಮಪಾನ ಬಿಡಲು ಸ್ವಪ್ರಯತ್ನ ನಡೆಸಿದ್ದ 872 ಮಂದಿಯನ್ನು ಅಭ್ಯಸಿಸಿ, 1983ರಲ್ಲಿ ವರದಿಯನ್ನು ಪ್ರಕಟಿಸಿದರು. ಆ ಅಧ್ಯಯನದಿಂದಲೂ ಅದರ ಮುಂದಿನ ಸಂಶೋಧನೆಗಳಿಂದಲೂ ಐದು ಹಂತಗಳು ಗುರುತಿಸಲ್ಪಟ್ಟವು. ತನಗೆ ತೊಂದರೆಯಿದೆಯೆಂದೇ ಒಪ್ಪದಿರುವುದು ಮೊದಲನೆಯದು. ಬಿಡಬೇಕು, ಆದರೆ ಬಿಡಲಾರೆ ಎಂಬ ಇಬ್ಬಂದಿತನ ಎರಡನೆಯದು. ಅನಂತರ ಸಿದ್ಧತೆ, ಕಾರ್ಯ, ಕೊನೆಯದಾಗಿ ಬಂದ ಬದಲಾವಣೆಯನ್ನು ಉಳಿಸಿಕೊಳ್ಳುವುದು. ಮೊದಲ ಮೆಟ್ಟಿಲಲ್ಲಿ ನಿಂತವನಿಗೆ "ನಾಳೆಯಿಂದಲೇ ಬಿಡು" ಎಂದು ಆಣೆಯಿಡಿಸುವುದು ಒಣನೆಲಕ್ಕೆ ಬೀಜ ಚೆಲ್ಲಿದಂತೆ. ಆಣೆ ಮುರಿಯುತ್ತದೆ, ಅದರೊಡನೆ ಅವನ ಆತ್ಮವಿಶ್ವಾಸವೂ ಮುರಿಯುತ್ತದೆ.

ಎರಡನೆಯ ಮೆಟ್ಟಿಲಿನ ಹೊಯ್ದಾಟವನ್ನು ಮನೆಯವರು ಹಟವೆಂದು ಭಾವಿಸುವುದುಂಟು. ವಾಸ್ತವವಾಗಿ ಅದು ಮನಸ್ಸು ಹದಗೊಳ್ಳುತ್ತಿರುವುದರ ಲಕ್ಷಣ. ಆಗ ವಾದಕ್ಕಿಳಿದರೆ ಅವನು ಕುಡಿತದ ಪರವಾಗಿಯೇ ವಾದಿಸತೊಡಗುತ್ತಾನೆ. ಇದನ್ನು ಗಮನಿಸಿದ ವಿಲಿಯಂ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞರು ಬದಲಾವಣೆಯ ಕಾರಣಗಳನ್ನು ಅವನ ಬಾಯಿಂದಲೇ ಹೊರಡಿಸುವ ಸಂವಾದಕ್ರಮವನ್ನು 1983ರಲ್ಲಿ ವಿವರಿಸಿದರು. ಈ ಕ್ರಮದಲ್ಲಿ ಬಳಸುವ ಒಂದು ಪ್ರಶ್ನೆ ಸರಳವಾದುದು: "ಕುಡಿತ ಬಿಡುವುದು ನಿಮಗೆಷ್ಟು ಮುಖ್ಯ? ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ." ಅವನು ನಾಲ್ಕು ಎಂದರೆ, "ಹತ್ತೇಕಲ್ಲ?" ಎಂದು ಗದರಿಸುವುದಿಲ್ಲ, "ಸೊನ್ನೆ ಎನ್ನದೆ ನಾಲ್ಕು ಎಂದಿರಲ್ಲ, ಏಕೆ?" ಎಂದು ಕೇಳುತ್ತಾರೆ. "ಮಗಳ ಮುಂದೆ ನಾಚಿಕೆಯಾಗುತ್ತದೆ" ಎಂಬ ಉತ್ತರ ಬಂದರೆ, ನೂರು ಉಪದೇಶಕ್ಕಿಂತ ಆ ಒಂದು ಮಾತಿಗೆ ಬಲ ಹೆಚ್ಚು.

ಶಿಬಿರ ಮುಗಿದ ಮೇಲೆ

ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿ ಜೆಎಸ್‌ಎಸ್ ಮಹಾವಿದ್ಯಾಪೀಠವೂ, ನಾಡಿನ ಅನೇಕ ಊರುಗಳಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯೂ ಕುಡಿತ ಬಿಡಿಸುವ ಶಿಬಿರಗಳನ್ನು ನಡೆಸಿವೆ. ಶಿಬಿರದ ದಿನಗಳು ಆರಂಭ ಮಾತ್ರ. ಮರಳಿ ಬಂದವನಿಗೆ ಅದೇ ಬೀದಿ, ಅದೇ ಗೆಳೆಯರು, ಅದೇ ಸಾಲದ ಚಿಂತೆ. ಹಬ್ಬದ ದಿನವೊಂದರಲ್ಲಿ ಅವನು ಎಡವಿದರೆ "ನಮಗೆ ಗೊತ್ತಿತ್ತು" ಎಂದು ಹಂಗಿಸದೆ, ಎಲ್ಲಿ ಎಡವಿದನೆಂದು ಅವನೊಡನೆ ಕುಳಿತು ಯೋಚಿಸುವುದೇ ಮನೆಯವರ ಕರ್ತವ್ಯ.

ಕಾಯಬಾರದ ಸಂದರ್ಭಗಳು

ಮನಸ್ಸು ಹದಗೊಳ್ಳಲೆಂದು ಕಾಯುತ್ತಾ ಕೂರಬಾರದ ಸಂದರ್ಭಗಳೂ ಉಂಟು. ಸಾಯುವ ಮಾತನಾಡುವವರನ್ನು ಒಂಟಿಯಾಗಿ ಬಿಡದೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಮನೆಯಲ್ಲಿ ಹೊಡೆತ ಬಡಿತ ನಡೆಯುತ್ತಿದ್ದರೆ ಹೆಂಡತಿ ಮಕ್ಕಳ ರಕ್ಷಣೆಯೇ ಮೊದಲು. ದಿನವೂ ಅತಿಯಾಗಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್, ಬುದ್ಧಿಭ್ರಮೆ ಉಂಟಾಗಿ ಪ್ರಾಣಾಪಾಯವಾಗಬಹುದು. ಆದ್ದರಿಂದ ವೈದ್ಯರ ನೆರವಿನಿಂದಲೇ ಬಿಡಬೇಕು. ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.

ನಮ್ಮನ್ನೇ ಕೇಳಿಕೊಳ್ಳೋಣ

ಸಲಹೆಗಾರರ ಬಾಗಿಲು ತಟ್ಟುವ ಮುನ್ನ ನಮ್ಮನ್ನು ನಾವೇ ಕೆಲವು ಪ್ರಶ್ನೆ ಕೇಳಿಕೊಳ್ಳುವುದು ಒಳಿತು. ಬದಲಾಗಬೇಕಾದದ್ದು ನನ್ನಲ್ಲಿ ಏನು? ಅದಕ್ಕಾಗಿ ಏನನ್ನು ಬಿಡಬಲ್ಲೆ? ನಾಚಿಕೆ ಬಿಟ್ಟು ನಿಜ ಹೇಳಬಲ್ಲೆನೆ? ಮೊದಲ ಭೇಟಿಯಲ್ಲಿ ಫಲ ಕಾಣದಿದ್ದರೂ ಮತ್ತೆ ಹೋಗಬಲ್ಲೆನೆ? ಎಲ್ಲಕ್ಕೂ "ಹೌದು" ಎನ್ನಲಾಗದಿದ್ದರೂ ಚಿಂತೆಯಿಲ್ಲ. "ನನಗಿನ್ನೂ ಮನಸ್ಸಿಲ್ಲ" ಎಂಬುದನ್ನೇ ಅವರ ಮುಂದೆ ಪ್ರಾಮಾಣಿಕವಾಗಿ ಹೇಳಿದರೂ ಮಾತು ಮೊದಲಾದಂತೆಯೇ. ಮನೆಯವರು ತಾಳ್ಮೆಯೆಂಬ ನೀರೆರೆದರೆ ಗಟ್ಟಿನೆಲವೂ ಒಂದು ದಿನ ಹದಕ್ಕೆ ಬಂದೀತು.