ಶ್ವಾಸಕೋಶದಲ್ಲಿ ಪಂಪ್‌ಸೆಟ್ ಇಲ್ಲ

ತುಮಕೂರಿನ ಕಡೆಯ ಓದುಗರೊಬ್ಬರು, ನಿವೃತ್ತ ಮೇಷ್ಟ್ರು, ಒಂದು ದೂರು ಕಳಿಸಿದ್ದಾರೆ. ದಿನಾ ಬೆಳಿಗ್ಗೆ ಅರ್ಧ ಗಂಟೆ ದೀರ್ಘವಾಗಿ ಉಸಿರಾಡಿದರೆ ರಕ್ತದಲ್ಲಿ ಆಮ್ಲಜನಕ ದುಪ್ಪಟ್ಟಾಗುತ್ತದೆ ಎಂದು ಯಾರೋ ಮೊಬೈಲಿನಲ್ಲಿ ಹೇಳಿದರಂತೆ. ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಮನೆಯಲ್ಲೇ ಇತ್ತು. ಬೆರಳಿಟ್ಟು ನೋಡಿದರೆ ಮೊದಲು 97, ಆಮೇಲೆ 98. "ಯಂತ್ರ ಕೆಟ್ಟಿದೆಯೇ?"

ಕೆಟ್ಟಿಲ್ಲ ಮೇಷ್ಟ್ರೇ. ಆ ಅಂಕಿ ನೂರು ದಾಟುವಂತೆಯೇ ಇಲ್ಲ. ನಿಮ್ಮ ಹಿಮೋಗ್ಲೋಬಿನ್ನಿನಲ್ಲಿ ಆಮ್ಲಜನಕ ಕೂರಬಹುದಾದ ಸೀಟುಗಳಲ್ಲಿ ಶೇಕಡಾ 97 ಆಗಲೇ ಭರ್ತಿಯಾಗಿದ್ದವು. ತುಂಬಿದ ಸೇರಿಗೆ ಎಷ್ಟು ರಾಗಿ ಸುರಿದರೂ ಚೆಲ್ಲುವುದೇ ಸರಿ. ಆದರೆ ಜೋರಾಗಿ ಉಸಿರೆಳೆದರೆ ಶ್ವಾಸಕೋಶ ಹೆಚ್ಚು ಆಮ್ಲಜನಕವನ್ನು ರಕ್ತಕ್ಕೆ ತಳ್ಳುತ್ತದೆ ಎಂಬ ನಂಬಿಕೆಯ ಬುಡದಲ್ಲಿ ಒಂದು ಹಳೆಯ ಜಗಳವಿದೆ. ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ಕೆರೆಯೊಂದನ್ನು ನೆನೆಸಿಕೊಳ್ಳಿ. ಏರಿಯ ಕೆಳಗೆ ಗದ್ದೆ. ತೂಬು ಎತ್ತಿದರೆ ನೀರು ತಾನಾಗಿ ಹರಿಯುತ್ತದೆ. ಕರೆಂಟು ಬೇಡ, ಡೀಸೆಲ್ ಬೇಡ. ಗದ್ದೆ ಕೆರೆಗಿಂತ ಮೇಲಿದ್ದರೆ ಮಾತ್ರ ಪಂಪ್‌ಸೆಟ್ ಕೂರಿಸಬೇಕು. ಶ್ವಾಸಕೋಶದ ಗಾಳಿ ಕೆರೆ, ರಕ್ತ ಗದ್ದೆ. ನೂರೈವತ್ತು ವರ್ಷದ ಹಿಂದಿನ ವಿಜ್ಞಾನಿಗಳನ್ನು ಕಾಡಿದ್ದು ಇಷ್ಟೇ: ಇಲ್ಲಿರುವುದು ತೂಬೋ, ಪಂಪ್‌ಸೆಟ್ಟೋ?

ಪಂಪ್‌ಸೆಟ್ ಎಂದವರು ಸಾಮಾನ್ಯರಲ್ಲ. ಕೋಪನ್‌ಹೇಗನ್ನಿನ ಕ್ರಿಶ್ಚಿಯನ್ ಬೋರ್, ಪರಮಾಣು ಖ್ಯಾತಿಯ ನೀಲ್ಸ್ ಬೋರ್ ಅವರ ತಂದೆ. ಜೊಲ್ಲುಗ್ರಂಥಿ ಜೊಲ್ಲು ಸುರಿಸುವಂತೆ ಶ್ವಾಸಕೋಶವೂ ಆಮ್ಲಜನಕವನ್ನು ರಕ್ತಕ್ಕೆ ಸ್ರವಿಸುತ್ತದೆ ಎಂಬುದು ಅವರ ವಾದ. ಶ್ವಾಸಕೋಶದ ಗಾಳಿಯಲ್ಲಿರುವುದಕ್ಕಿಂತ ರಕ್ತದಲ್ಲೇ ಆಮ್ಲಜನಕದ ಒತ್ತಡ ಹೆಚ್ಚಿರುವಂತೆ ಅವರ ಅಳತೆಗಳು ಕೆಲವೊಮ್ಮೆ ತೋರಿಸುತ್ತಿದ್ದವು. ನೀರು ಏರು ಹತ್ತುತ್ತಿದ್ದರೆ ಪಂಪು ಇರಲೇಬೇಕಲ್ಲ! ಆಳ ಸಮುದ್ರದ ಮೀನುಗಳು ತಮ್ಮ ಈಜುಚೀಲಕ್ಕೆ ಆಮ್ಲಜನಕವನ್ನು ನಿಜಕ್ಕೂ ಹೀಗೆ ತುಂಬಿಸಿಕೊಳ್ಳುತ್ತವೆ. ಮೀನಿಗೆ ಆಗುವುದು ಮನುಷ್ಯನಿಗೇಕೆ ಆಗದು?

ಈ ವಾದವನ್ನು ಕೆಡವಿದ್ದು ಅವರದೇ ಸಹಾಯಕ ಆಗಸ್ಟ್ ಕ್ರೋಗ್ ಮತ್ತು ಆತನ ಹೆಂಡತಿ ಮೇರಿ. ಆಗಸ್ಟ್ ಹೊಸ ಉಪಕರಣವೊಂದನ್ನು ಕಟ್ಟಿದ. ಸಾಸಿವೆ ಕಾಳಿನಷ್ಟು ಗಾಳಿಗುಳ್ಳೆಯನ್ನು ಹರಿಯುವ ರಕ್ತಕ್ಕೆ ಒಡ್ಡುವುದು. ಎರಡರ ಒತ್ತಡ ಸರಿಸಮವಾದ ಮೇಲೆ ಗುಳ್ಳೆಯೊಳಗೆ ಏನೇನು ಎಷ್ಟಿದೆ ಎಂದು ಅಳೆಯುವುದು. ಹಳೆಯ ವಿಧಾನಗಳ ತಪ್ಪುಗಳು ಇದರಲ್ಲಿ ನುಸುಳಲಿಲ್ಲ. ಅಪಧಮನಿಯ ರಕ್ತದಲ್ಲಿ ಆಮ್ಲಜನಕದ ಒತ್ತಡ ಪ್ರತಿ ಸಲವೂ ಶ್ವಾಸಕೋಶದ ಗಾಳಿಗಿಂತ ತುಸು ಕಡಿಮೆಯೇ ಬಂತು. ನೀರು ಇಳಿಜಾರಿನಲ್ಲೇ ಹರಿಯುತ್ತಿತ್ತು. 1910ರಲ್ಲಿ ದಂಪತಿ ಏಳು ಪ್ರಬಂಧಗಳನ್ನು ಒಟ್ಟಿಗೆ ಪ್ರಕಟಿಸಿದರು. ಮನೆಯಲ್ಲಿ ಅವಕ್ಕೆ ಅವರಿಟ್ಟ ಅಡ್ಡಹೆಸರು 'ಏಳು ಪುಟ್ಟ ಪಿಶಾಚಿಗಳು'. ಗುರುವಿನ ಬೆನ್ನು ಹತ್ತುವ ಪಿಶಾಚಿಗಳು!

ಜಗಳ ಅಲ್ಲಿಗೂ ಮುಗಿಯಲಿಲ್ಲ. ಬ್ರಿಟನ್ನಿನ ಜೆ. ಎಸ್. ಹಾಲ್ಡೇನ್ ಹೊಸ ತಿರುವು ಕೊಟ್ಟರು: ಬಯಲಿನಲ್ಲಿ ಬೇಡದಿರಬಹುದು, ಗಾಳಿ ತೆಳುವಾದ ಬೆಟ್ಟದ ಮೇಲೆ ಪಂಪು ಶುರುವಾಗುತ್ತದೆ. ಅಮೆರಿಕದ ಸುಮಾರು 4,300 ಮೀಟರ್ ಎತ್ತರದ ಪೈಕ್ಸ್ ಪೀಕ್ ಮೇಲೆ 1911ರಲ್ಲಿ ಬಿಡಾರ ಹೂಡಿ ಪುರಾವೆಯೂ ಸಿಕ್ಕಿತೆಂದರು. ಇದನ್ನು ಒಪ್ಪದ ಕೇಂಬ್ರಿಜ್‌ನ ಜೋಸೆಫ್ ಬಾರ್‌ಕ್ರಾಫ್ಟ್ 1920ರಲ್ಲಿ ತಾವೇ ಗಾಜಿನ ಕೋಣೆ ಹೊಕ್ಕು ಕುಳಿತರು. ಆರು ದಿನ. ಒಳಗಿನ ಆಮ್ಲಜನಕವನ್ನು ಮೆಲ್ಲಗೆ ಇಳಿಸುತ್ತ ಹೋದರು. ಕೊನೆಗೆ ಮಣಿಕಟ್ಟಿನ ಅಪಧಮನಿಯನ್ನು ಕೊಯ್ಯಿಸಿಕೊಂಡು ರಕ್ತ ತೆಗೆಸಿಕೊಂಡರು. ಅದು ಕಪ್ಪಿಟ್ಟಿತ್ತು. ಅದರಲ್ಲಿದ್ದ ಆಮ್ಲಜನಕದ ಒತ್ತಡ ಗಾಳಿಯದಕ್ಕಿಂತ ಹೆಚ್ಚಿರಲಿಲ್ಲ. ಅಷ್ಟು ಕಷ್ಟದಲ್ಲೂ ಪಂಪು ಓಡಲಿಲ್ಲ, ಏಕೆಂದರೆ ಪಂಪೇ ಇರಲಿಲ್ಲ. ಹಾಲ್ಡೇನ್ ಮಾತ್ರ ಕೊನೆತನಕ ಪಟ್ಟು ಬಿಡಲಿಲ್ಲ.

ತಮಾಷೆಯೆಂದರೆ, ಇಂದಿನ ವೈದ್ಯಕೀಯ ವಿದ್ಯಾರ್ಥಿ ಬಾಯಿಪಾಠ ಮಾಡುವ 'ಬೋರ್ ಪರಿಣಾಮ', 'ಹಾಲ್ಡೇನ್ ಪರಿಣಾಮ' ಎರಡೂ ಈ ಸೋತವರ ಹೆಸರಿನವೇ, ಎರಡೂ ನಿಜವೇ. ಇಂಗಾಲದ ಡೈಆಕ್ಸೈಡ್ ಹೆಚ್ಚಿದಲ್ಲಿ ಹಿಮೋಗ್ಲೋಬಿನ್ ಆಮ್ಲಜನಕವನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಆಮ್ಲಜನಕ ಏರಿದಲ್ಲಿ ಇಂಗಾಲದ ಡೈಆಕ್ಸೈಡನ್ನು ಕೆಳಗಿಳಿಸುತ್ತದೆ. ಒಂದು ಹತ್ತಿದರೆ ಇನ್ನೊಂದು ಇಳಿಯುವ ಬಸ್ಸು ಅದು.

ಬರೀ ಇಳಿಜಾರು ಸಾಕಾಗುವುದು ಹೇಗೆ? ಶ್ವಾಸಕೋಶದ ಪುಟ್ಟ ಗಾಳಿಚೀಲಗಳಾದ ವಾಯುಕೋಶಗಳಲ್ಲಿ ಆಮ್ಲಜನಕದ ಒತ್ತಡ ಪಾದರಸದ ಸುಮಾರು 100 ಮಿಲಿಮೀಟರ್, ದಣಿದು ಬಂದ ರಕ್ತದಲ್ಲಿ 40. ಒಳ್ಳೆಯ ಇಳಿಜಾರು. ನಡುವಿನ ಗೋಡೆ ಅರ್ಧ ಮೈಕ್ರಾನ್ ಆಸುಪಾಸು, ಅಂದರೆ ಕಾಗದದ ಹಾಳೆಯ ಇನ್ನೂರರಲ್ಲೊಂದು ಪಾಲು. ವಾಯುಕೋಶಗಳು ಮೂವತ್ತು ಕೋಟಿಗೂ ಮೇಲೆ. ಬಿಡಿಸಿ ಹಾಸಿದರೆ ದೊಡ್ಡ ಮನೆಯ ನೆಲವೇ ಮುಚ್ಚೀತು. ರಕ್ತ ಅಲ್ಲಿ ನಿಲ್ಲುವುದು ಮುಕ್ಕಾಲು ಸೆಕೆಂಡು. ತುಂಬಿಕೊಳ್ಳಲು ಕಾಲು ಸೆಕೆಂಡು ಸಾಕು. ಉಳಿದದ್ದು ಬಸ್ಸಿನ ಹಿಂದೆ ಓಡುವಾಗ, ಮೆಟ್ಟಿಲು ಹತ್ತುವಾಗ ಬೇಕಾಗುವ ಮೀಸಲು.

ಎದುರು ದಿಕ್ಕಿನ ಇಂಗಾಲದ ಡೈಆಕ್ಸೈಡ್‌ಗೆ ಇರುವುದು ಬರೀ 46ರಿಂದ 40ಕ್ಕೆ ಇಳಿಯುವ ಸಣ್ಣ ಇಳಿಜಾರು. ಆದರೂ ಅದು ಸರಾಗ ಹೊರಬೀಳುತ್ತದೆ. ಆ ಅನಿಲ ನೀರಿನಲ್ಲಿ ಎಷ್ಟು ಚೆನ್ನಾಗಿ ಕರಗುತ್ತದೆಂದು ಗೋಲಿ ಸೋಡಾ ಕುಡಿದವರಿಗೆ ಗೊತ್ತು. ಅದೇ ಕಾರಣಕ್ಕೆ ಆ ತೆಳುಗೋಡೆಯನ್ನು ಅದು ಆಮ್ಲಜನಕಕ್ಕಿಂತ ಸುಮಾರು ಇಪ್ಪತ್ತು ಪಟ್ಟು ಸಲೀಸಾಗಿ ದಾಟುತ್ತದೆ.

ಈಗ ಮೇಷ್ಟ್ರ ಅರ್ಧ ಗಂಟೆಗೆ ಬರೋಣ. ರಭಸದಿಂದ ಉಸಿರಾಡಿದಾಗ ರಕ್ತದಲ್ಲಿ ನಿಜವಾಗಿ ಬದಲಾಗುವುದು ಆಮ್ಲಜನಕವಲ್ಲ, ಇಂಗಾಲದ ಡೈಆಕ್ಸೈಡ್. ಅದು ತೀರಾ ಇಳಿದರೆ ಮಿದುಳಿನ ರಕ್ತನಾಳಗಳು ಕಿರಿದಾಗಿ ತಲೆ ಸುತ್ತುತ್ತದೆ, ತುಟಿ-ಬೆರಳು ಜುಮ್ಮೆನ್ನುತ್ತವೆ. 'ಆಮ್ಲಜನಕ ಏರಿದ ಅನುಭವ' ಎಂದು ಕೆಲವರು ಮಾರುತ್ತಿರುವುದು ಇದನ್ನೇ. ನಿಧಾನವಾಗಿ, ಹಿತವಾಗಿ ಉಸಿರಾಡಿ ಮನಸ್ಸು ತಣ್ಣಗಾಗುವುದಿದ್ದರೆ ಧಾರಾಳವಾಗಿ ಮಾಡಿ. ಅದಕ್ಕೆ ಆಮ್ಲಜನಕದ ಸಾಕ್ಷಿ ಬೇಕಿಲ್ಲ. ಆಮ್ಲಜನಕಕ್ಕಂತೂ ಕೊರತೆಯಿಲ್ಲ: ನಾವು ಹೊರಬಿಡುವ ಉಸಿರಿನಲ್ಲೂ ಶೇಕಡಾ 16ರಷ್ಟು ಆಮ್ಲಜನಕ ಬಳಕೆಯಾಗದೆ ಉಳಿದಿರುತ್ತದೆ.

ಆಕ್ಸಿಮೀಟರನ್ನು ಜೋಪಾನವಾಗಿಡಿ ಮೇಷ್ಟ್ರೇ. 97 ಅನ್ನು 98 ಮಾಡಲು ಹೆಣಗಬೇಡಿ. ಜ್ವರ, ಕೆಮ್ಮು, ಏದುಸಿರು ಇರುವಾಗ ಅದು 94ಕ್ಕಿಂತ ಕೆಳಗಿಳಿದರೆ ಮೊಬೈಲ್ ಕೆಳಗಿಟ್ಟು ಡಾಕ್ಟರ ಹತ್ತಿರ ಹೋಗಿ.