ಹೊಸ ಗೊಂಬೆಗೆ ಹಳೆಯ ಧೂಳು

ವಾರಗಟ್ಟಲೆ ಕೂತು ಒಂದು ಗೊಂಬೆಗೆ ಚೆಂದವಾಗಿ ಬಣ್ಣ ಹಚ್ಚಿ, ಅದು ಒಣಗಿದ ಮೇಲೆ ಬೇಕೆಂದೇ ಧೂಳು ಮೆತ್ತುವವರನ್ನು ನೀವು ನೋಡಿದ್ದೀರಾ? ದಸರಾ ಗೊಂಬೆ ಕೂರಿಸುವ ಅಜ್ಜಿ ಕಂಡರೆ ‘ಅಯ್ಯೋ, ಹಾಳು ಮಾಡಿಬಿಟ್ಟೆಯಲ್ಲೋ!’ ಎಂದು ಬೈದಾರು. ಆದರೆ ಸೈನಿಕರ ಮಾದರಿ ಗೊಂಬೆ ಮಾಡುವವರಿಗೆ ಈ ಕೊಳೆಯೇ ಅರ್ಧ ಕೆಲಸ. ಅವರು ಇದನ್ನು ‘ವೆದರಿಂಗ್’ ಎನ್ನುತ್ತಾರೆ. ಬಿಸಿಲು, ಮಳೆ, ಧೂಳು, ಸವೆತಗಳು ವರ್ಷಗಟ್ಟಲೆ ಮಾಡುವ ಕೆಲಸವನ್ನು ಕುಂಚದಿಂದ ಮಾಡಿ ತೋರಿಸುವುದು.

ಈ ಗೊಂಬೆಗಳಲ್ಲಿ ಹಲವು ಅಳತೆಗಳಿವೆ. ದೊಡ್ಡವುಗಳಲ್ಲಿ 1:16 ಒಂದು. ಅಂದರೆ ನಿಜವಾದ ಮನುಷ್ಯನ ಹದಿನಾರನೇ ಒಂದು ಭಾಗ. 176 ಸೆಂಟಿಮೀಟರ್ ಎತ್ತರದ ಸೈನಿಕ ಇಲ್ಲಿ 11 ಸೆಂಟಿಮೀಟರ್ ಆಗುತ್ತಾನೆ. ಅಷ್ಟು ದೊಡ್ಡದಾದರೆ ಮುಖದ ಭಾವ, ಅಂಗಿಯ ಮಡಿಕೆ, ಗುಂಡಿ ಎಲ್ಲವೂ ಕಾಣುತ್ತವೆ. ತಪ್ಪು ಮಾಡಿದರೆ ಅದೂ ಕಾಣುತ್ತದೆ!

ಯಾರ ಗೊಂಬೆ ಮಾಡೋಣ? ನಮ್ಮವನೇ ಒಬ್ಬ ಸವಾರನನ್ನು ನೆನೆಯೋಣ. 1918ರ ಸೆಪ್ಟೆಂಬರ್ 23. ಮೊದಲನೇ ಮಹಾಯುದ್ಧದ ಕೊನೆಯ ತಿಂಗಳುಗಳು. ತುರ್ಕರ ವಶದಲ್ಲಿದ್ದ ಹೈಫಾ ಪಟ್ಟಣವನ್ನು ಜೋಧಪುರ ಮತ್ತು ಮೈಸೂರು ಸಂಸ್ಥಾನಗಳ ಕುದುರೆ ಸವಾರರು ಅಂದು ಗೆದ್ದರು. ಪಟ್ಟಣದ ದಾರಿಯಲ್ಲಿ ಒಂದು ಕಡೆ ಕಿಶೋನ್ ನದಿಯ ಕೆಸರು, ಇನ್ನೊಂದು ಕಡೆ ಕಾರ್ಮೆಲ್ ಬೆಟ್ಟ. ಬೆಟ್ಟದ ಮೇಲಿನ ಫಿರಂಗಿಗಳನ್ನು ಅಡಗಿಸಲು ಮೈಸೂರು ಲ್ಯಾನ್ಸರ್ಸ್ ದಳದ ಒಂದು ತುಕಡಿ ಕಲ್ಲಿನ ಇಳಿಜಾರನ್ನು ಹತ್ತಿತು. ಲ್ಯಾನ್ಸರ್ ಎಂದರೆ ಈಟಿ ಹಿಡಿದ ಸವಾರ. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿರುವ ಮೂರು ಕಂಚಿನ ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದ್ ದಳಗಳ ನೆನಪಿನವು. ಬೆಂಗಳೂರಿನ ಜೆ.ಸಿ. ನಗರದಲ್ಲಿಯೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ.

ಬಣ್ಣ ಹಚ್ಚುವ ಕ್ರಮ

ಮೊದಲು ಗೊಂಬೆಯ ಬಿಡಿ ಭಾಗಗಳನ್ನು ಸೋಪಿನ ನೀರಿನಲ್ಲಿ ತೊಳೆಯಬೇಕು. ಅಚ್ಚಿನಿಂದ ಬಂದ ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲ. ಒಣಗಿಸಿ, ಅಂಟಿಸಿ, ಮೇಲೆ ಬೂದು ಬಣ್ಣದ ಪ್ರೈಮರ್ ಕೊಡಬೇಕು. ಆಮೇಲೆ ಅಕ್ರಿಲಿಕ್ ಬಣ್ಣವನ್ನು ತೆಳುವಾಗಿ ಎರಡು ಮೂರು ಸಲ ಹಚ್ಚಬೇಕು. ಒಂದೇ ಸಲ ದಪ್ಪಗೆ ಬಳಿದರೆ ಮುಖದ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ.

ಬೆಳಕು ಮೇಲಿನಿಂದ ಬೀಳುತ್ತದೆ. ಆದ್ದರಿಂದ ಹಣೆ, ಮೂಗು, ಕೆನ್ನೆಯ ಉಬ್ಬಿಗೆ ತಿಳಿ ಬಣ್ಣ. ಗಲ್ಲದ ಕೆಳಗೆ, ಪೇಟದ ಅಂಚಿನ ಕೆಳಗೆ ಗಾಢ ಬಣ್ಣ. ಕಣ್ಣಿಗೆ ಅಚ್ಚ ಬಿಳಿ ಬೇಡ. ಚೂರು ಕಂದು ಬೆರೆಸಿ. ಕಣ್ಣಿನ ಕಪ್ಪು ಭಾಗ ಮೇಲಿನ ರೆಪ್ಪೆಗೆ ತಾಗಿರಲಿ. ಬಿಳಿಯ ನಡುವೆ ಒಂಟಿ ಚುಕ್ಕೆ ಇಟ್ಟರೆ, ಸವಾರ ದೆವ್ವ ಕಂಡವನಂತೆ ಬೆಚ್ಚಿ ನೋಡುತ್ತಾನೆ!

ಇನ್ನೆರಡು ಉಪಾಯಗಳಿವೆ. ನೀರಾಗಿಸಿದ ಗಾಢ ಕಂದು ಬಣ್ಣವನ್ನು ಖಾಕಿ ಅಂಗಿಯ ಮೇಲೆ ಹರಿಯಬಿಟ್ಟರೆ ಅದು ಮಡಿಕೆಗಳ ಒಳಗೆ ಇಳಿದು ನೆರಳಾಗುತ್ತದೆ. ಇದು ‘ವಾಶ್’. ಕುಂಚದ ಬಣ್ಣವನ್ನೆಲ್ಲ ಕಾಗದಕ್ಕೆ ಒರೆಸಿ, ಉಳಿದ ಪಸೆಯನ್ನು ಉಬ್ಬುಗಳ ಮೇಲೆ ಮೆಲ್ಲಗೆ ಸವರಿದರೆ ಅಂಚುಗಳು ಬೆಳಗುತ್ತವೆ. ಇದು ‘ಡ್ರೈ ಬ್ರಶ್’.

ಕೊಳೆಗೂ ಕಾರಣ ಬೇಕು

ಈಗ ಧೂಳಿನ ಸರದಿ. ಹೊಸಬರು ಇಲ್ಲಿಯೇ ಎಡವುತ್ತಾರೆ. ಕಂದು ಪುಡಿಯನ್ನು ಅಡಿಯಿಂದ ಮುಡಿಯವರೆಗೆ ಉದುರಿಸಿಬಿಡುತ್ತಾರೆ. ಪ್ರತಿ ಕಲೆಗೂ ‘ನೀನು ಎಲ್ಲಿಂದ ಬಂದೆ?’ ಎಂದು ಕೇಳಬೇಕು. ಕಾರ್ಮೆಲ್ ಸುಣ್ಣಕಲ್ಲಿನ ಬೆಟ್ಟ. ಅಲ್ಲಿ ಬೇಸಿಗೆಯಲ್ಲಿ ಮಳೆಯಿಲ್ಲ; ಸೆಪ್ಟೆಂಬರ್‌ನಲ್ಲಿ ನೆಲ ಒಣಗಿರುತ್ತದೆ. ಹಾಗಾಗಿ ಬೆಟ್ಟ ಹತ್ತಿದವನ ಮೇಲೆ ಸುಣ್ಣಕಲ್ಲಿನ ಬಿಳಿಚಿದ ಧೂಳು ಇರಬಹುದು. ಒಣ ಪೇಸ್ಟೆಲ್ ಕಡ್ಡಿಯನ್ನು ಪುಡಿ ಮಾಡಿ ಸವರಿದರೆ ಅಂಥ ಧೂಳು ಸಿಗುತ್ತದೆ. ಅದು ಕುದುರೆಯ ಕಾಲಿಗೆ, ಹೊಟ್ಟೆಗೆ, ಸವಾರನ ಬೂಟಿಗೆ ಹೆಚ್ಚು. ಹೆಗಲಿಗೆ, ಪೇಟದ ಮಡಿಕೆಗೆ ಕಡಿಮೆ. ಜೀನಿಗೆ ಉಜ್ಜುವ ತೊಡೆಯ ಒಳಭಾಗದಲ್ಲಿ ಬಟ್ಟೆ ಸವೆದಿರುತ್ತದೆ. ಕೆಸರು ಹಚ್ಚುವುದಾದರೆ ಅವನು ನದಿಯ ದಡಕ್ಕೆ ಇಳಿದಿದ್ದನೇ ಎಂದು ಮೊದಲು ಯೋಚಿಸಿ. ದಪ್ಪದ ಲೆಕ್ಕವನ್ನೂ ಮರೆಯಬಾರದು. ನಿಜವಾದ 1 ಸೆಂಟಿಮೀಟರ್ ಕೆಸರು ಗೊಂಬೆಯ ಮೇಲೆ ಅರ್ಧ ಮಿಲಿಮೀಟರ್‌ಗಿಂತ ತುಸು ಹೆಚ್ಚು, ಅಷ್ಟೆ.

ಇದನ್ನು ಕಲಿಯಲು ದೂರ ಹೋಗಬೇಕಿಲ್ಲ. ತಾತನ ಹಳೆಯ ಚಪ್ಪಲಿಯನ್ನು ತಿರುಗಿಸಿ ನೋಡಿ. ಹಿಮ್ಮಡಿಯ ಯಾವ ಮೂಲೆ ಸವೆದಿದೆ? ಬೆರಳು ಊರುವ ಕಡೆ ಎಷ್ಟು ಕಪ್ಪಾಗಿದೆ? ಅಜ್ಜಿಯ ಕುಡುಗೋಲಿನ ಹಿಡಿ ಎಲ್ಲಿ ನುಣುಪಾಗಿದೆ? ಯಾಕೆ ಹಾಗಾಯಿತು ಎಂದು ಅವರನ್ನೇ ಕೇಳಿ. ಒಂದು ಸಂಜೆಗಾಗುವಷ್ಟು ಕಥೆ ಸಿಗಬಹುದು.

‘ಯುದ್ಧದ ಗೊಂಬೆಗೆ ರಕ್ತ ಹಚ್ಚಬೇಡವೇ?’ ಎಂದು ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಹೈಫಾದಲ್ಲಿ ನಿಜವಾದ ಸವಾರರು ಸತ್ತರು, ಜೋಧಪುರದ ಮೇಜರ್ ದಳಪತ್ ಸಿಂಗ್ ಅವರೂ ಸೇರಿ. ಎದುರಿಗಿದ್ದವರೂ ಯಾರದೋ ಮಕ್ಕಳೇ. ಕೆಂಪು ಬಣ್ಣವನ್ನು ಅಲಂಕಾರದಂತೆ ಚೆಲ್ಲಿದರೆ ಅವರ ನೋವು ಆಟವಾಗಿಬಿಡುತ್ತದೆ. ದಣಿದ ಕಣ್ಣು, ತುಸು ಬಾಗಿದ ಹೆಗಲು, ಬೆವರಿಗೆ ಅಂಟಿದ ಧೂಳು ಇದ್ದರೆ ನೋಡುವವರಿಗೆ ಯುದ್ಧ ಎಂಥದೆಂದು ತಿಳಿಯುತ್ತದೆ.

ನೆನಪಿಡಿ

ಬ್ಲೇಡು, ಥಿನ್ನರ್, ಸ್ಪ್ರೇ ಬಣ್ಣ ದೊಡ್ಡವರ ಕೈಯಲ್ಲಿರಲಿ. ಕಿಟಕಿ ತೆರೆದಿರಲಿ, ಹತ್ತಿರ ದೀಪ, ಒಲೆ ಬೇಡ. ಉಜ್ಜುವಾಗ, ಪುಡಿ ಸವರುವಾಗ ಮಾಸ್ಕ್ ಹಾಕಿಕೊಳ್ಳಿ. ಕುಂಚದ ತುದಿಯನ್ನು ಬಾಯಲ್ಲಿ ಚೂಪು ಮಾಡಬಾರದು. ಹಳೆಯ ಲೋಹದ ಗೊಂಬೆಗಳಲ್ಲಿ ಸೀಸ ಇರಬಹುದು. ಮುಟ್ಟಿದ ಮೇಲೆ ಕೈ ತೊಳೆಯಿರಿ.

ಈ ಕೆಲಸ ಒಬ್ಬರಿಗಿಂತ ಇಬ್ಬರಿಗೆ ಚೆನ್ನ. ಕಣ್ಣಿನ ಚುಕ್ಕೆ ಇಡಲು ಮೊಮ್ಮಗಳ ಚುರುಕು ದೃಷ್ಟಿ ಬೇಕು. ಬಣ್ಣ ಒಣಗುವವರೆಗೆ ಕಾಯಲು ತಾತನ ತಾಳ್ಮೆ ಬೇಕು. ಮುಗಿದ ಮೇಲೆ ಪೀಠಕ್ಕೆ ಒಂದು ಚೀಟಿ ಅಂಟಿಸಿ: ‘ಮೈಸೂರು ಲ್ಯಾನ್ಸರ್, ಹೈಫಾ, 1918.’ ಈ ಸಲದ ದಸರಾ ಗೊಂಬೆಗಳ ಸಾಲಿನಲ್ಲಿ ಧೂಳು ಮೆತ್ತಿದ ಈ ಸವಾರನಿಗೂ ಒಂದು ಜಾಗ ಕೊಡಿ. ಇವನ ಬೂಟು ಯಾಕೆ ಇಷ್ಟು ಕೊಳೆ ಎಂದು ಬಂದವರು ಕೇಳಿಯೇ ಕೇಳುತ್ತಾರೆ. ಆಗ ನೀವು ಹೇಳಬಹುದು.