ಸೆರೆಶಿಬಿರದಲ್ಲಿ ಪಳಗಿದ ಉಸಿರು

ಮೌತ್ ಆರ್ಗನ್ ಅಥವಾ ಹಾರ್ಮೋನಿಕಾದಲ್ಲಿ ಊದಿದರೆ ಸ, ಗ, ಪ; ಉಸಿರನ್ನು ಒಳಗೆಳೆದರೆ ರಿ, ಮ, ಧ, ನಿ. ಹಾಗಾಗಿ ಶಂಕರಾಭರಣದ ಆರೋಹಣ ನುಡಿಸಹೊರಟರೆ ಹೆಚ್ಚುಕಡಿಮೆ ಪ್ರತಿ ಸ್ವರಕ್ಕೂ ಉಸಿರು ದಿಕ್ಕು ಬದಲಿಸಬೇಕು. ಬದಲಿಸಿದಲ್ಲೆಲ್ಲ ನಾದ ಕಡಿಯುತ್ತದೆ. ಕುಣಿತದ ಹಾಡಿಗೆ ಇದರಿಂದ ನಷ್ಟವಿಲ್ಲ. ವಿಳಂಬದ ಶಾಸ್ತ್ರೀಯ ರಚನೆ ಮಾತ್ರ ಇಲ್ಲಿ ಸೋಲುತ್ತದೆ.

ಈ ಕಡಿತವನ್ನು ಗೆದ್ದವರಲ್ಲಿ ನನಗೆ ಎಲ್ಲರಿಗಿಂತ ದೊಡ್ಡವನಾಗಿ ಕಾಣುವವನು ಟಾಮಿ ರೈಲಿ. 1919ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತದ ಗ್ವೆಲ್ಫ್‌ನಲ್ಲಿ ಹುಟ್ಟಿದ. ಮೊದಲು ಕಲಿತದ್ದು ಪಿಟೀಲು; ಹಾರ್ಮೋನಿಕಾ ಬಂದದ್ದು ಅಪ್ಪನ ವಾದ್ಯಮೇಳದಿಂದ. 1935ರಲ್ಲಿ ಮನೆಯವರೆಲ್ಲ ಲಂಡನ್ನಿಗೆ ಬಂದರು. ಮಹಾಯುದ್ಧ ಶುರುವಾದಾಗ ಅವನು ಜರ್ಮನಿಯ ಲೈಪ್‌ಜಿಗ್‌ನಲ್ಲಿ ಸಂಗೀತ ವಿದ್ಯಾರ್ಥಿ. ಶತ್ರುದೇಶದ ಪ್ರಜೆಯೆಂದು ಹಿಡಿದರು. ಯುದ್ಧ ಮುಗಿಯುವವರೆಗೂ ಸೆರೆಶಿಬಿರಗಳೇ ಅವನ ಊರು.

ಅವನ ಸಾಧನೆ ನಡೆದದ್ದು ಅಲ್ಲೇ. ಆದರ್ಶವಾಗಿ ಇಟ್ಟುಕೊಂಡದ್ದು ಹಾರ್ಮೋನಿಕಾದವರನ್ನಲ್ಲ, ಪಿಟೀಲಿನ ಯಾಶ ಹೈಫೆಟ್ಸ್‌ನನ್ನು. ಒಳ್ಳೆಯ ಪಿಟೀಲುಗಾರನ ಕಮಾನು ಎಲ್ಲಿ ತಿರುಗಿತೆಂದು ಕಿವಿಗೆ ಗೊತ್ತಾಗುವುದಿಲ್ಲ. ಉಸಿರೂ ಹಾಗೇ ತಿರುಗಬೇಕು! ಅದಕ್ಕೆ ಬೇಕಾದ ದಾರಿ ಕ್ರೋಮ್ಯಾಟಿಕ್ ಹಾರ್ಮೋನಿಕಾದ ಒಳಗೇ ಇದೆ. ಅದರ ಬದಿಯಲ್ಲೊಂದು ಗುಂಡಿ. ಒತ್ತಿದರೆ ಸ್ವರ ಅರ್ಧ ಮೆಟ್ಟಿಲು ಏರುತ್ತದೆ. ಗಾಂಧಾರವನ್ನು ಊದುತ್ತ ಒತ್ತಿದರೆ ಮಧ್ಯಮ ಸಿಗುತ್ತದೆ, ನಿಷಾದವನ್ನು ಎಳೆಯುತ್ತ ಒತ್ತಿದರೆ ಮೇಲಿನ ಷಡ್ಜ. ಎಂದರೆ ಕೆಲವು ಸ್ವರಗಳಿಗೆ ಎರಡು ಬಾಗಿಲು. ಯಾವ ಸ್ವರಗುಚ್ಛವನ್ನು ಒಂದೇ ಉಸಿರಲ್ಲಿ ಬೆಸೆಯಬೇಕು, ಎಲ್ಲಿ ತಿರುಗಿದರೆ ರಾಗ ನೋಯುವುದಿಲ್ಲ ಎಂದು ನುಡಿಸುವವನು ಮೊದಲೇ ಲೆಕ್ಕ ಹಾಕಿರಬೇಕು. ಪಿಟೀಲಿನವರು ಕಮಾನಿಗೆ ಮಾಡುವ ಲೆಕ್ಕವೂ ಇದೇ, ರೈಲಿಗೆ ಅದು ಬಾಲ್ಯದಿಂದ ಗೊತ್ತಿತ್ತು.

1945ರಲ್ಲಿ ಲಂಡನ್ನಿಗೆ ಮರಳಿದವನಿಗೆ ನುಡಿಸಲು ಕೃತಿಗಳು ಬೇಕಿದ್ದವು. ಅದೇ ಕಾಲದಲ್ಲಿ ಅಮೆರಿಕದ ಹಾರ್ಮೋನಿಕಾ ವಾದಕ ಲ್ಯಾರಿ ಆಡ್ಲರ್‌ಗಾಗಿ ವಾನ್ ವಿಲಿಯಮ್ಸ್‌ನಂಥ ಸಂಯೋಜಕರು ಬರೆಯುತ್ತಿದ್ದರು. ರೈಲಿಗಾಗಿ ಮೈಕೆಲ್ ಸ್ಪಿವಕೋವ್ಸ್ಕಿ 1951ರಲ್ಲಿ ಕನ್ಚರ್ಟೊ, ಎಂದರೆ ವಾದ್ಯವೃಂದದ ಜೊತೆ ಒಂಟಿ ವಾದ್ಯ ನುಡಿಸುವ ಕೃತಿ, ಬರೆದ. ಮುಂದೆ ಗೋರ್ಡನ್ ಜೇಕಬ್, ವಿಲೆಮ್ ಟೌಸ್ಕಿ ಬರೆದರು.

ನಾದದ ಹುಡುಕಾಟ ಅಲ್ಲಿಗೂ ನಿಲ್ಲಲಿಲ್ಲ. ಬೆಳ್ಳಿಯ ಹಾರ್ಮೋನಿಕಾ ಮಾಡಿಸಿಕೊಂಡ. ನಾರ್ವೆಯಿಂದ ಬಂದ ಸಿಗ್ಮುಂಡ್ ಗ್ರೋವನ್‌ಗೆ ಪಾಠ ಹೇಳಿದ. ರೈಲಿ ತೀರಿಕೊಂಡದ್ದು 2000ದಲ್ಲಿ. ಶಿಷ್ಯ ಗುರುವಿನ ಕೃತಿಗಳನ್ನು ವೇದಿಕೆಗಳಲ್ಲಿ ನುಡಿಸುತ್ತ ಬಂದ.